ಗಡಿಯಾರದ ಚೌಕ ಸುತ್ತಿಸಿದ ಕ್ಲಚ್ಚಕ್ಕ

ನಾನು ಕಾರು ಕಲಿತದ್ದು ಕ್ಲಚ್ಚಕ್ಕನ ಹತ್ತಿರ. ಆ ಹೆಸರು ಅವರಿಗೆ ಇಟ್ಟವರು ಯಾರೋ ಗೊತ್ತಿಲ್ಲ. ಯಾಕೆ ಇಟ್ಟರು ಅನ್ನುವುದು ಮಾತ್ರ ಅವರ ಪಕ್ಕದ ಸೀಟಿನಲ್ಲಿ ಒಂದು ದಿನ ಕೂತವರಿಗೂ ಗೊತ್ತು. "ಕ್ಲಚ್! ಕ್ಲಚ್ ಒತ್ತಮ್ಮಾ! ಎಡಗಾಲು ಮನೇಲೇ ಬಿಟ್ಟು ಬಂದ್ಯಾ?" ಅಂತ ಅವರು ಕೂಗಿದರೆ ರಸ್ತೆ ದಾಟುತ್ತಿದ್ದವರೂ ಒಂದು ಸಲ ತಮ್ಮ ಎಡಗಾಲು ನೋಡಿಕೊಳ್ಳುತ್ತಿದ್ದರು. ಎದುರಿಗೇ ಹಾಗೆ ಕರೆದರೂ ಅವರಿಗೆ ಬೇಸರವಿಲ್ಲ. "ಬ್ರೇಕಕ್ಕ ಅನ್ನಲಿಲ್ಲವಲ್ಲ, ಸದ್ಯ" ಅನ್ನುತ್ತಿದ್ದರು.

ಅವರ ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದವರು. ಊರಿನ ನಟ್ಟನಡುವೆ ಗಡಿಯಾರದ ಗೋಪುರವಿರುವ ಚೌಕದಲ್ಲಿ ಅವರ ಸ್ಟ್ಯಾಂಡು, ಅದೇ ಚೌಕದ ಮೂಲೆಯ ಹಳೇ ಕಟ್ಟಡದಲ್ಲಿ ಮನೆ. ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಅಮ್ಮನ ಹೊಲಿಗೆ ಮಿಷನ್ನಿಗೆ ಅಂಟಿಕೊಂಡರೆ ದೊಡ್ಡವಳು ಅಪ್ಪನ ಕಾರಿಗೆ ಅಂಟಿಕೊಂಡಳು. ಊರು ಏಳುವ ಮುಂಚೆ ಅಪ್ಪ ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ಚೌಕದ ಸುತ್ತ ಓಡಿಸುತ್ತಿದ್ದರಂತೆ. ಮುಂದೆ ಅವರ ಕಣ್ಣು ಮಂಜಾದಾಗ ಕೀಲಿಕೈಯನ್ನು ಮಗಳ ಕೈಗೇ ಕೊಟ್ಟರು. ನೆಂಟರು ಮೂಗು ಮುರಿದರು. "ಹೆಣ್ಣುಮಗಳ ಕೈಗೆ ಬಾಡಿಗೆ ಕಾರೇ?" ಅಂದರು ಚಿಕ್ಕಪ್ಪ. ಅಪ್ಪ ತಲೆ ಎತ್ತದೆ, "ಅವಳು ತಿರುಗೋ ಮುಂಚೆ ಸಿಗ್ನಲ್ ಹಾಕ್ತಾಳೆ. ನಿನ್ನ ಮಗ ಹಾಕ್ತಾನಾ?" ಅಂದರಂತೆ.

ಕೆಲವು ವರ್ಷ ಬಾಡಿಗೆ ಓಡಿಸಿದ ಮೇಲೆ ಅಕ್ಕ ಚೌಕದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಡ್ರೈವಿಂಗ್ ಶಾಲೆ ತೆರೆದರು. ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ರಟ್ಟಿನಲ್ಲಿ ಮಾಡಿದ ರಸ್ತೆ, ಅದರ ಮೇಲೆ ಓಡಿಸಲು ನಾಲ್ಕಾರು ಆಟಿಕೆ ಕಾರು. ಹೊರಗೆ ಎರಡೂ ಕಡೆ ಪೆಡಲ್ ಇರುವ ನಿಜವಾದ ಕಾರು. ಕಲಿಯಲು ಬರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಗಂಡ ಕಲಿಸಲು ಹೋಗಿ ಜಗಳವಾದವರು, ಮಗ ನಗುತ್ತಾನೆ ಅಂತ ಅವನಿಗೆ ಹೇಳದೆ ಬಂದವರು, ನನ್ನ ಥರ ಹೊತ್ತಲ್ಲದ ಹೊತ್ತಿನ ಪಾಳಿಗೆ ಹೋಗಬೇಕಾದವರು. ನಾನು ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತು, ನಿಧಾನವಾಗಿ ಹತ್ತಿರ ಬರುವ ಪ್ರತಿ ಗಾಡಿಯನ್ನೂ ಅನುಮಾನದಿಂದ ನೋಡುವುದು ಏನಂತ ನನಗೆ ಗೊತ್ತಿತ್ತು. ಕಾರು ಕಲಿತ ಮೇಲೆ ಆ ನಿಲ್ದಾಣದ ಮುಂದೆ ಹಾದುಹೋಗುವಾಗ ಕಿಟಕಿ ಏರಿಸಿಕೊಂಡು ಜೋರಾಗಿ ಹಾಡಿಕೊಳ್ಳುತ್ತಿದ್ದೆ.

ಅಕ್ಕನ ಕೊನೇ ಪಾಠ ಯಾವಾಗಲೂ ಗಡಿಯಾರದ ಚೌಕದಲ್ಲಿ, ಅದೂ ಸಂಜೆ ಕಚೇರಿ ಬಿಡುವ ಹೊತ್ತಿಗೆ. ಐದು ಬೀದಿಗಳು ಬಂದು ಸೇರುವ ಜಾಗ ಅದು. ಹಾರ್ನು, ಹೊಗೆ, ಎಡಕ್ಕೂ ಬಲಕ್ಕೂ ಮೂತಿ ತೂರಿಸುವ ಗಾಡಿಗಳು. ನಡುವೆ ಬೆವರಿನಲ್ಲಿ ತೊಯ್ದು ಕೂತ ನಾವು. "ಇದನ್ನ ಸುತ್ತಿ ಬಂದೋಳು ಎಲ್ಲಿಗೆ ಬೇಕಾದ್ರೂ ಹೋಗ್ತಾಳೆ" ಅನ್ನುತ್ತಿದ್ದರು ಅಕ್ಕ. ನಾನು ಅಲ್ಲಿ ಗಾಡಿ ನಿಲ್ಲಿಸಿಬಿಟ್ಟು ಅತ್ತಿದ್ದೆ. ಹಿಂದಿನವರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸ್ವಲ್ಪ ತಡ್ಕೊಳ್ಳಿ, ನೀವೇನು ಹೊಟ್ಟೆಯಿಂದಲೇ ಲೈಸೆನ್ಸ್ ಹಿಡ್ಕೊಂಡು ಬಂದ್ರಾ?" ಅಂದು, ನನ್ನ ಕಡೆ ತಿರುಗಿ ಮೆತ್ತಗೆ, "ಅತ್ತು ಮುಗಿಸಿ ಗೇರ್ ಹಾಕು" ಅಂದಿದ್ದರು.

ಅವರ ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಒಂದೇ ಪಾಠಕ್ಕೆ ಕಾರು ಕಲಿಯುವ ಆಸೆ ಬಿಟ್ಟವರು. "ಮನೇಲಿ ಅವಳು ಹೇಳಿದ ಕಡೆ ತಿರುಗ್ತೀನಿ, ಬೀದೀಲೂ ಯಾಕೆ?" ಅನ್ನುತ್ತಿದ್ದರು. ಊರಿನ ಅಂಚಿನ ಸುತ್ತುರಸ್ತೆಯ ಪಕ್ಕ, ಎರಡನೇ ಮಹಡಿಯಲ್ಲಿ ಅವರ ಮನೆ. ಬಾಲ್ಕನಿ ತುಂಬ ಹೂವಿನ ಕುಂಡ.

ಅಪ್ಪ ತೀರಿಕೊಂಡ ಮೇಲೆ ಚೌಕದ ಮನೆಯಲ್ಲಿ ಅಮ್ಮ, ತಂಗಿ, ತಂಗಿಯ ಗಂಡ ಮತ್ತು ಅವರ ಮಗಳು ಉಳಿದರು. ಕೆಳಗೆ ಬೀದಿಗೆ ಮುಖ ಮಾಡಿ ಪರದೆ, ದಿಂಬು, ಸೋಫಾ ಕವರು ಹೊಲಿಯುವ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮ್ಮ. ಮೇಲೆ ಉಳಿದವರ ವಾಸ. ಮಗಳಿಗೆ ಹುಟ್ಟಿದಾಗಿನಿಂದ ಉಬ್ಬಸ. ಚೌಕದ ಕಡೆಯ ಕಿಟಕಿಗೆ ತಂಗಿ ದಪ್ಪ ಬಟ್ಟೆಯ ಪರದೆ ಹೊಲಿದು, ಕಿಟಕಿಬಾಗಿಲಿನ ಅಂಚಿಗೆಲ್ಲ ಟೇಪು ಅಂಟಿಸಿದ್ದಳು. ಊರಿಗೆಲ್ಲ ಕಿಟಕಿಯ ಅಂದಕ್ಕೆ ಪರದೆ ಹೊಲಿದುಕೊಡುವವಳು ತನ್ನ ಮನೆಗೆ ಹೊಗೆ ತಡೆಯಲು ಹೊಲಿದುಕೊಂಡಿದ್ದಳು.

ಹೀಗಿರುವಾಗ ನಗರಸಭೆಯಿಂದ ಪ್ರಕಟಣೆ ಬಂತು. ಚೌಕಕ್ಕೂ ಅದಕ್ಕೆ ಸೇರುವ ಐದು ಬೀದಿಗಳಿಗೂ ಇನ್ನು ಮುಂದೆ ಕಾರು ಬರುವಂತಿಲ್ಲ. ನಡೆಯುವವರು, ಸೈಕಲ್ಲಿನವರು, ಆಂಬುಲೆನ್ಸು, ಅಷ್ಟೇ. ಆಕ್ಷೇಪಣೆ ಇದ್ದವರು ಸಭೆಗೆ ಬಂದು ಹೇಳಬಹುದು.

ಅಕ್ಕ ಅದನ್ನು ಓದಿ ನೇರ ತಂಗಿಯ ಅಡುಗೆಮನೆಗೆ ಹೋದರು.

"ನೋಡಿದ್ಯೇನೇ? ನನ್ನ ಹೊಟ್ಟೆ ಮೇಲೆ ಹೊಡೀತಿದಾರೆ."

ತಂಗಿ ಟೀ ಸೋಸುತ್ತಿದ್ದವಳು ಸೋಸುತ್ತಲೇ ಇದ್ದಳು. "ನೋಡಿದೆ."

"ನಾಳೆ ಸಭೆಗೆ ನೀನೂ ಬಾ. ಅಂಗಡಿಯವರು ಹೇಳಿದ್ರೆ ಕೇಳ್ತಾರೆ."

"ಬರ್ತೀನಿ ಅಕ್ಕ. ಆದ್ರೆ ಆ ನಿಯಮ ಬೇಕು ಅಂತ ಹೇಳೋಕೆ ಬರ್ತೀನಿ."

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಅರ್ಥವಾದ ಮೇಲೆ ಟೀ ಮುಟ್ಟಲಿಲ್ಲ. "ಅಪ್ಪ ಇದೇ ಚೌಕದಲ್ಲಿ ಕಾರು ಓಡಿಸಿ ನಮ್ಮನ್ನ ಸಾಕಿದ್ದು, ಮರೀಬೇಡ."

"ಮರ್ತಿಲ್ಲ. ಅಪ್ಪ ಕೊನೆಗಾಲದಲ್ಲಿ ಹೇಗೆ ಕೆಮ್ಮುತ್ತಿದ್ರು ಅನ್ನೋದೂ ಮರ್ತಿಲ್ಲ."

ಅಷ್ಟಕ್ಕೇ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು.

ಸಭೆಗೆ ನಾನೂ ಹೋಗಿದ್ದೆ, ಅಕ್ಕನ ಬೆಂಬಲಕ್ಕೆ. ನಗರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಅಕ್ಕ ಎದ್ದು ನಿಂತು, ಪಾಠ ಹೇಳುವ ದನಿಯಲ್ಲೇ ಮಾತಾಡಿದರು. "ನೀವು ಕಾರು ಅಂದ್ರೆ ಬರೀ ಹೊಗೆ ಅಂತೀರಿ. ನಾನು ಕಲಿಸಿದ ಹೆಣ್ಣುಮಕ್ಕಳನ್ನ ಕೇಳಿ. ಯಾರನ್ನೂ ಕೇಳದೆ ಮನೆಯಿಂದ ಹೊರಡೋದು ಅಂದ್ರೆ ಏನು ಅಂತ ಅವರು ಹೇಳ್ತಾರೆ. ಮಕ್ಕಳನ್ನ ಶಾಲೆಗೆ ಬಿಟ್ಟು, ಅತ್ತೆಗೆ ಔಷಧಿ ತಂದು, ತಾನು ಕೆಲಸಕ್ಕೆ ಹೋಗೋಳಿಗೆ ಬಸ್ಸು ಹತ್ತಿ ಇಳೀತಾ ಇರು ಅಂದ್ರೆ ಹೇಗೆ? ಕಾಲು ಆಗದೇ ಇರೋರು ಏನು ಮಾಡ್ಬೇಕು?" ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ತಂಗಿ ಎದ್ದಳು. ಅವಳಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. "ನನ್ನ ಮಗಳು ಕಿಟಕಿ ತೆಗೆದು ಬೀದಿ ನೋಡಿಲ್ಲ" ಅಂದಳು. "ಗಾಜಿನಿಂದಲೇ ನೋಡೋದು. ಸಂಜೆ ಆದ್ರೆ ಅವಳ ಎದೆ ಕುಯ್ಗುಡೋಕೆ ಶುರುವಾಗತ್ತೆ. ಅಷ್ಟೇ ನಾನು ಹೇಳೋದು." ಕೂತುಬಿಟ್ಟಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಚೌಕ ಮುಚ್ಚಿತು. ಐದು ಬೀದಿಗಳ ಬಾಯಲ್ಲೂ ಕಬ್ಬಿಣದ ಕಂಬಗಳು ಬಂದವು. ಡ್ರೈವಿಂಗ್ ಶಾಲೆಯ ಓಣಿಯೂ ಒಳಗೇ ಸೇರಿಹೋಯಿತು. ಅಕ್ಕ ಮೇಜನ್ನೂ ರಟ್ಟಿನ ರಸ್ತೆಯನ್ನೂ ಎತ್ತಿಸಿಕೊಂಡು ಸುತ್ತುರಸ್ತೆಯ ಆಚೆಗಿನ ಒಂದು ಹಳೇ ಶೆಡ್ಡಿಗೆ ಹೋದರು. ಅಲ್ಲಿಗೆ ನಡೆದು ಬರುವುದು ಕಷ್ಟ. ಕಾರು ಬಾರದವರು ಕಾರು ಕಲಿಯಲು ಅಲ್ಲಿಗೆ ಹೇಗೆ ಬರಬೇಕು? ಕಲಿಯುವವರು ಕಡಿಮೆಯಾದರು. ಅಕ್ಕ ತಂಗಿಯರ ನಡುವೆ ಮಾತು ನಿಂತಿತು. ಅಮ್ಮನಿಗೆ ಫೋನು ಮಾಡಿದಾಗ ತಂಗಿಯೇ ಎತ್ತಿಕೊಂಡರೆ, "ಅಮ್ಮನಿಗೆ ಕೊಡು" ಅನ್ನುವ ಎರಡೇ ಮಾತು.

ಚೌಕದಲ್ಲಿ ಮಾತ್ರ ನಿಜಕ್ಕೂ ಬದಲಾವಣೆ ಆಯಿತು. ಬೇಕರಿಯವನು ಬೀದಿಗೇ ಮೇಜು ಹಾಕಿದ. ಗೋಪುರದ ಗಂಟೆ ಹೊಡೆಯುವುದು ಮನೆಯೊಳಗೂ ಕೇಳತೊಡಗಿತು. ಅಷ್ಟು ವರ್ಷವೂ ಅದು ಹೊಡೆಯುತ್ತಲೇ ಇತ್ತಂತೆ! ತಂಗಿ ಕಿಟಕಿಯ ಟೇಪು ಕಿತ್ತಳು. ಮಗಳ ಉಬ್ಬಸ ಪೂರ್ತಿ ಹೋಗಲಿಲ್ಲ, ಆದರೆ ಆಸ್ಪತ್ರೆಗೆ ಓಡುವುದು ಕಡಿಮೆಯಾಯಿತು. ಇದನ್ನು ನಾನೇ ಹೇಳಬಲ್ಲೆ. ಅವಳು ಬರುತ್ತಿದ್ದುದು ನಮ್ಮ ವಾರ್ಡಿಗೇ.

ಆದರೆ ಅಂಗಡಿ ಮಂಕಾಯಿತು. ಒಂದು ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಮೂಟೆ ಕಟ್ಟಿದರೆ ಒಬ್ಬರು ಹೊರುವ ಭಾರವಲ್ಲ ಅದು. ಗಿರಾಕಿಗಳು ಅದನ್ನು ಕಾರಿನಲ್ಲಿ ತಂದು ಬಾಗಿಲಿಗೆ ಇಳಿಸುತ್ತಿದ್ದರು. ಈಗ ಕಂಬದ ಹತ್ತಿರ ಇಳಿಸಿ ಹೊತ್ತು ತರಬೇಕು. "ಅಯ್ಯೋ, ಯಾರು ಹೊರ್ತಾರೆ" ಅಂತ ಅವರು ಊರಾಚೆಯ ದೊಡ್ಡ ಅಂಗಡಿಯ ಕಡೆ ತಿರುಗಿದರು. ಬೇಕರಿಯವನ ವ್ಯಾಪಾರ ಜೋರು, ತಂಗಿಯದು ಮಲಗಿತು. ಅವಳ ಗಂಡ ಒಂದು ತಳ್ಳುಗಾಡಿ ಹಿಡಿದು ಕಂಬದ ಹತ್ತಿರ ಕಾಯುತ್ತಾ ನಿಲ್ಲುವುದನ್ನು ನಾನು ಕಂಡಿದ್ದೇನೆ.

ಆ ಕಡೆ ಅಕ್ಕನ ಮನೆಯಲ್ಲಿ ಬೇರೆಯದೇ ಕಥೆ. ಚೌಕ ಬಿಟ್ಟ ಕಾರುಗಳು ಆವಿಯಾಗಿ ಹೋಗಲಿಲ್ಲ. ಕೆಲವು ಜನ ಕಾರು ಬಿಟ್ಟು ಬಸ್ಸು ಹತ್ತಿದ್ದು ನಿಜ. ಉಳಿದವರೆಲ್ಲ ಸುತ್ತುರಸ್ತೆ ಹಿಡಿದರು. ಬಾಲ್ಕನಿಯ ಎಲೆಗಳ ಮೇಲೆ ಕಪ್ಪು ಪುಡಿ ಕೂರತೊಡಗಿತು. ಒಗೆದು ಹಾಕಿದ ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅಕ್ಕನ ಗಂಡ ಒಂದು ದಿನ ತಮ್ಮ ಅಂಗಿಯನ್ನು ಹಿಡಿದು ತೋರಿಸಿ, "ನಿನ್ನ ತಂಗಿ ಮನೆ ಹೊಗೆಯನ್ನ ನಮ್ಮ ವಿಳಾಸಕ್ಕೆ ಕಳಿಸಿದಾರೆ ನೋಡು. ಅಂಚೆಯೋನು ನಾನು, ತಪ್ಪು ವಿಳಾಸ ಅಂತ ವಾಪಸ್ಸು ಕಳಿಸೋ ಹಾಗೂ ಇಲ್ಲ" ಅಂದರಂತೆ. ಅಕ್ಕ ನಗಲಿಲ್ಲ. ಬಾಲ್ಕನಿಯ ಬಾಗಿಲು ಹಾಕಿ, ಅದರ ಸಂದಿಗೆ ಒದ್ದೆ ಬಟ್ಟೆ ತುರುಕಿದರು. ತುರುಕುತ್ತಿರುವಾಗ ತಂಗಿಯ ಕಿಟಕಿ ನೆನಪಾಗಿ, ಕೈ ಹಾಗೇ ನಿಂತುಬಿಟ್ಟಿತಂತೆ. ಇದನ್ನು ಅವರೇ ನನಗೆ ಹೇಳಿದ್ದು. "ಅವಳು ಎಷ್ಟು ವರ್ಷ ಹೀಗೆ ತುರುಕಿದ್ಳೋ. ನಾನು ಅದೇ ಮನೇಲಿ ಕೂತು ಟೀ ಕುಡೀತಾ, ಇದೇನೇ ನಿಂದು ಗುಹೆ ಥರ ಮನೆ ಅಂತ ತಮಾಷೆ ಮಾಡ್ತಿದ್ದೆ."

ಹಾಗಂತ ಅವರೇನೂ ಓಡಿಹೋಗಿ ತಂಗಿಯನ್ನು ತಬ್ಬಿಕೊಳ್ಳಲಿಲ್ಲ. ಅವರಿಬ್ಬರನ್ನು ಮತ್ತೆ ಒಂದು ಕಡೆ ನಿಲ್ಲಿಸಿದ್ದು ಅಮ್ಮನ ಸೊಂಟ. ಬಚ್ಚಲಲ್ಲಿ ಕಾಲು ಜಾರಿ ಬಿದ್ದರು, ಮೂಳೆ ಮುರಿಯಿತು. ಆಂಬುಲೆನ್ಸು ಖಾಲಿ ಚೌಕ ದಾಟಿ ನೇರ ಬಾಗಿಲಿಗೇ ಬಂತು. ಅಪ್ಪನಿಗೆ ಎದೆನೋವು ಬಂದ ದಿನ ಅದೇ ಚೌಕದಲ್ಲಿ ಆಂಬುಲೆನ್ಸು ಸೈರನ್ ಹಾಕಿಕೊಂಡು ಅಲ್ಲಾಡದೆ ನಿಂತಿತ್ತು. ಕಿಟಕಿಯಿಂದ ಅದು ಕಾಣುತ್ತಿತ್ತು, ಬರುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತ ಇಬ್ಬರು ಹೆಣ್ಣುಮಕ್ಕಳೂ ಅದನ್ನು ಮರೆತಿರಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ವಾರ ವಾರ ಅಮ್ಮನನ್ನು ವ್ಯಾಯಾಮಕ್ಕೆ ಕರೆತರಬೇಕು ಅಂದರು ಡಾಕ್ಟರು. ಅದಕ್ಕೆ ಆಂಬುಲೆನ್ಸು ಬರುವುದಿಲ್ಲ. ಅಕ್ಕ ಕಂಬದ ತನಕ ಕಾರು ತರಬಹುದು, ಅಲ್ಲಿಂದ ಮನೆ ಬಾಗಿಲಿಗೆ ಗಾಲಿಕುರ್ಚಿ.

ಮೊದಲ ದಿನ ಅಕ್ಕ ಬೈದುಕೊಂಡೇ ಕುರ್ಚಿ ತಳ್ಳಿದರು. ಚೌಕಕ್ಕೆ ಹಾಸಿದ ಹೊಸ ಕಲ್ಲುಗಳ ಸಂದಿಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತಿತ್ತು. "ನಡೆಯೋರಿಗೆ ಅಂತ ಮಾಡಿದಾರಂತೆ! ನಡೆಯೋಕಾಗದೋರು ಯಾವ ಲೆಕ್ಕ?" ಅಂತ ಗೊಣಗುತ್ತಾ ನಡುವೆ ಬಂದಾಗ ಅಮ್ಮ, "ನಿಲ್ಸೇ ದೊಡ್ಡೋಳೇ" ಅಂದರು.

"ಏನಾಯ್ತಮ್ಮ? ನೋಯ್ತಿದೆಯಾ?"

"ಇಲ್ಲ. ನಿಲ್ಸು."

ಅಮ್ಮ ಕತ್ತು ಎತ್ತಿ ಗೋಪುರ ನೋಡಿದರು. ಹಿಂದಿನ ಕೋಣೆಯಿಂದ ಅಂಗಡಿ ಬಾಗಿಲಿಗೆ ಬಂದರೂ ಗಾಡಿಗಳಿಗೆ ಹೆದರಿ ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದ ಅವರು ಎಷ್ಟೋ ವರ್ಷದಿಂದ ಚೌಕದ ಮಧ್ಯಕ್ಕೆ ಬಂದೇ ಇರಲಿಲ್ಲ. ಬೇಕರಿಯ ಮೇಜಿನ ಹತ್ತಿರ ಕೂತಿದ್ದ ಒಬ್ಬ ಮುದುಕಿ ಇವರನ್ನೇ ದಿಟ್ಟಿಸಿ, "ಟ್ಯಾಕ್ಸಿಯವರ ಹೆಂಡ್ತಿ ಅಲ್ವಾ ನೀನು?" ಅಂದರು. ಗೋಪುರದ ಆಚೆ ಬೀದಿಯಲ್ಲಿ ಗುಂಡಿ, ದಾರ ಮಾರುತ್ತಿದ್ದವರು. ಒಂದೇ ಚೌಕದ ಎರಡು ಬದಿಯಲ್ಲಿದ್ದೂ ಇಬ್ಬರೂ ಇನ್ನೊಬ್ಬರು ಸತ್ತೇಹೋಗಿದ್ದಾರೆ ಅಂದುಕೊಂಡಿದ್ದರಂತೆ. ವ್ಯಾಯಾಮಕ್ಕೆ ಹೊತ್ತಾಗುತ್ತದೆ ಅಂತ ಅಕ್ಕ ಕುರ್ಚಿ ಮುಟ್ಟಿದರೆ ಅಮ್ಮ ಅವರ ಕೈ ತಟ್ಟಿದರು. ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಂಗಿ ಒಂದು ಸ್ಟೂಲು ತಂದು ಅಕ್ಕನ ಪಕ್ಕ ಇಟ್ಟಳು. "ಕೂತ್ಕೋ ಅಕ್ಕ. ಇವರು ಬೇಗ ಮುಗಿಸೋ ಪೈಕಿ ಅಲ್ಲ."

ಅಕ್ಕ ಕೂತರು. "ನಿಂಗೊಂದು ಸ್ಟೂಲು?"

"ಅಂಗಡೀಲಿ ಕೂತೂ ಕೂತೂ ಸಾಕಾಗಿದೆ. ಗಿರಾಕಿ ಎಲ್ಲಿದಾರೆ?" ಅಂದಳು ತಂಗಿ. ಆಮೇಲೆ ಮೆಲ್ಲಗೆ, "ನೀನು ಹೇಳಿದ್ದೂ ಪೂರ್ತಿ ಸುಳ್ಳಲ್ಲ ಕಣೇ."

"ನಂದೂ ಬಾಲ್ಕನಿ ಬಾಗಿಲು ಹಾಕಿದೀನಿ ಈಗ" ಅಂದರು ಅಕ್ಕ. ತಂಗಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇದೇ ಪ್ರಯಾಣ ಮಳೆ ಬಂದ ದಿನ ಬೇರೆ ಥರ ಆಯಿತು. ಒಬ್ಬಳು ಛತ್ರಿ ಹಿಡಿದು, ಒಬ್ಬಳು ಕುರ್ಚಿ ತಳ್ಳಿ, ಮೂವರೂ ಬಟ್ಟೆ ಹಿಂಡುವಷ್ಟು ನೆನೆದು ಕಂಬದ ಹತ್ತಿರ ಬಂದಾಗ ಅಮ್ಮನಿಗೆ ನಡುಕ ಹಿಡಿದಿತ್ತು. ಕಾರಿನಲ್ಲಿ ಕೂರಿಸುವಾಗ ಅಮ್ಮ, "ಬಿಸಿಲಿದ್ದ ದಿನ ಚೌಕ ನಡೆಯೋರದು, ಮಳೆ ಬಂದ ದಿನ ನನ್ನ ಕಾರಿಂದು, ಹಾಗೆ ಮಾಡೋಕಾಗಲ್ವೇನ್ರೇ?" ಅಂದರು. ಇಬ್ಬರೂ ಹೆಣ್ಣುಮಕ್ಕಳು ನಕ್ಕರು. ಆದರೆ ಆ ಮಾತನ್ನು ಅಷ್ಟಕ್ಕೇ ಬಿಡಲಿಲ್ಲ.

ಹೊಸ ನಿಯಮ ಹೇಗೆ ನಡೆಯುತ್ತಿದೆ ಅಂತ ಕೇಳಲು ನಗರಸಭೆ ಮತ್ತೆ ಸಭೆ ಕರೆದಾಗ ಅಕ್ಕ ತಂಗಿ ಒಟ್ಟಿಗೇ ಬಂದರು. ಹಳೇ ಜಗಳ ಗೊತ್ತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ತಂಗಿ ಮೊದಲು ಎದ್ದು, "ಬೆಳಿಗ್ಗೆ ಸ್ವಲ್ಪ ಹೊತ್ತಾದ್ರೂ ಗಾಡಿ ಬಿಡಿ, ಇಲ್ಲಾಂದ್ರೆ ನನ್ನಂಥ ಅಂಗಡಿಗೆ ಬೀಗವೇ ಗತಿ" ಅಂದಳು. ಆಮೇಲೆ ಅಕ್ಕ ಎದ್ದು, "ಚೌಕವನ್ನ ಮತ್ತೆ ಮೊದಲಿನ ಹಾಗೆ ಮಾಡ್ಬೇಡಿ. ಆದ್ರೆ ಕಾಲು ಆಗದೋರ ಕಾರಿಗೆ ಕಂಬ ತೆಗೀರಿ. ಆ ಕಲ್ಲಿನ ಸಂದೀನೂ ಮುಚ್ಚಿ" ಅಂದರು. ಹಿಂದಿನ ಸಾಲಿನಿಂದ ಯಾರೋ, "ಅಕ್ಕ ತಂಗಿ ಇಬ್ರೂ ಪಕ್ಷಾಂತರ!" ಅಂತ ಕೂಗಿದರು. ಸಭಾಂಗಣ ನಗೆಯಲ್ಲಿ ಮುಳುಗಿತು. ಅಕ್ಕನೂ ನಕ್ಕು, "ನಾನು ಡ್ರೈವರ್ರಪ್ಪ. ಮುಂದೆ ರಸ್ತೆ ತಿರುಗಿದ್ರೆ ನಾನೂ ತಿರುಗ್ಬೇಕು. ನೇರ ಹೋದ್ರೆ ಗೋಡೆಗೆ ಹೊಡೀತೀನಿ" ಅಂದರು.

ಕೇಳಿದ್ದರಲ್ಲಿ ಸುಮಾರು ಸಿಕ್ಕಿತು. ಬೆಳಿಗ್ಗೆ ಹೊತ್ತು ಸಾಮಾನಿನ ಗಾಡಿಗಳಿಗೆ ಅನುಮತಿ, ನಡೆಯಲಾಗದವರಿಗೆ ಪಾಸು. ತಂಗಿಯ ಅಂಗಡಿ ಮೊದಲಿನಷ್ಟು ಆಗಲಿಲ್ಲ, ಮುಚ್ಚಲೂ ಇಲ್ಲ. ಬೇಕರಿಯವನ ಹೊರಮೇಜಿಗೆ ಬಟ್ಟೆಯ ಚಪ್ಪರ ಹೊಲಿದುಕೊಟ್ಟದ್ದರಿಂದ ಬೇರೆ ಅಂಗಡಿಗಳವರೂ ಕೇಳಿಕೊಂಡು ಬಂದರು. ಅಮ್ಮ ಪಾಸಿದ್ದರೂ ಬಿಸಿಲಿನ ದಿನ ಕುರ್ಚಿಯಲ್ಲೇ ಹೋಗಬೇಕು ಅಂತ ಹಟ ಹಿಡಿಯುತ್ತಿದ್ದರು. ಹೋದ ವರ್ಷ ತೀರಿಕೊಂಡರು, ನಿದ್ದೆಯಲ್ಲೇ. ಗುಂಡಿ ಮಾರುತ್ತಿದ್ದ ಗೆಳತಿ ನಡೆದುಕೊಂಡೇ ಬಂದು ಕೊನೆಯ ಸಲ ನೋಡಿ ಹೋದರು.

ಸುತ್ತುರಸ್ತೆ ಮಾತ್ರ ಹಾಗೇ ಇತ್ತು. ಅಕ್ಕ ಅದರ ಬೆನ್ನು ಹತ್ತಿದರು. ಅಕ್ಕಪಕ್ಕದ ಮನೆಗಳವರನ್ನೆಲ್ಲ ಒಟ್ಟು ಮಾಡಿ, ದೊಡ್ಡ ಗಾಡಿಗಳನ್ನಾದರೂ ಬೇರೆ ಕಡೆ ಕಳಿಸಿ ಅಂತ ಬೆನ್ನುಬಿಡದೆ ಕೇಳಿ, ಕೊನೆಗೆ ಅದಕ್ಕೂ ಒಂದು ಸಭೆ ಕರೆಸಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೇಳಬೇಕಾದ್ದನ್ನು ಮನೆಯಲ್ಲಿ ಗಂಡನ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದರು.

ಅವರ ಸರದಿ ಬರುವ ಮುಂಚೆ ಒಬ್ಬ ಹೆಂಗಸು ಎದ್ದಳು. ಸುತ್ತುರಸ್ತೆಯಿಂದಲೂ ಆಚೆ, ಕಾರ್ಖಾನೆಗಳ ಹಿಂದಿನ ಸಾಲುಮನೆಯವಳು. ಸೊಂಟದ ಮೇಲೆ ಮಗು. "ದೊಡ್ಡ ಗಾಡಿಗಳನ್ನ ನಮ್ಮ ರಸ್ತೆಗೆ ತಿರುಗಿಸ್ತಾರಂತೆ" ಅಂದಳು. "ನಮ್ಮ ಮನೆ ಬಾಗಿಲು ತೆಗೆದ್ರೆ ರಸ್ತೆ. ಮಧ್ಯೆ ಒಂದು ಮೆಟ್ಟಿಲೂ ಇಲ್ಲ. ಮಕ್ಕಳನ್ನ ಎಲ್ಲಿ ಬಿಡೋದು ಹೇಳಿ."

ಅಕ್ಕನ ಸರದಿ ಬಂತು. ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವರು ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಮ್ಮ ರಸ್ತೆಯಲ್ಲಿ ಇರೋಕಾಗ್ತಿಲ್ಲ, ಅದು ನಿಜ" ಅಂದರು. "ಆದ್ರೆ ಅವರ ಕಡೆ ಕಳಿಸಿ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ಬೇರೆ ಏನಾದ್ರೂ ಯೋಚನೆ ಮಾಡಿ. ನಾವೂ ಮಾಡ್ತೀವಿ." ಅಕ್ಕಪಕ್ಕದ ಮನೆಯವರು ಮುಖ ಗಂಟು ಹಾಕಿಕೊಂಡರು. ಒಬ್ಬರಂತೂ, "ಇದಕ್ಕೇನಾ ನಮ್ಮನ್ನ ಕರ್ಕೊಂಡು ಬಂದಿದ್ದು?" ಅಂತ ಎದ್ದೇ ಹೋದರು.

ಸಭೆ ಏನೂ ತೀರ್ಮಾನವಾಗದೆ ಮುಗಿಯಿತು. ಹೊರಗೆ ಮೆಟ್ಟಿಲ ಮೇಲೆ ಆ ಹೆಂಗಸು ಬಸ್ಸಿಗೆ ಕಾಯುತ್ತಿದ್ದಳು. ಅವರ ಕಡೆಗೆ ಬಸ್ಸು ಅಪರೂಪ. ಅಕ್ಕ ತಮ್ಮ ಪಾಠದ ಕಾರಿನಲ್ಲಿ ಅವಳನ್ನೂ ಮಗುವನ್ನೂ ಕೂರಿಸಿಕೊಂಡು ಮನೆ ತನಕ ಬಿಟ್ಟು ಬಂದರು. ದಾರಿಯುದ್ದಕ್ಕೂ ಅವಳು ಅಕ್ಕನ ಕಾಲುಗಳನ್ನೇ ನೋಡುತ್ತಿದ್ದಳಂತೆ, ಯಾವ ಪೆಡಲು ಯಾವಾಗ ಒತ್ತುತ್ತಾರೆ ಅಂತ. ಇಳಿಯುವಾಗ, "ನನಗೂ ಬರತ್ತಾ ಇದು?" ಅಂತ ಕೇಳಿದಳಂತೆ.

ಈಗ ಅವಳು ಹಳೇ ಶೆಡ್ಡಿಗೆ ಪಾಠಕ್ಕೆ ಬರುತ್ತಾಳೆ. ಮಗುವನ್ನು ಅಕ್ಕನ ಗಂಡ ನೋಡಿಕೊಳ್ಳುತ್ತಾರೆ. ಇನ್ನೊಂದು ಸಭೆಗೆ ಇವರಿಬ್ಬರೂ ಸೇರಿ, ಎರಡೂ ರಸ್ತೆಗೂ ಬಸ್ಸು ಹೆಚ್ಚು ಬಿಡಿ ಅಂತ ಕೇಳಲಿದ್ದಾರೆ. ಕಾರು ಕಲಿಸುವವಳೂ ಕಾರು ಕಲಿಯುವವಳೂ ಬಸ್ಸು ಕೇಳುವುದೇನು ಅಂತ ನಾನು ಕೆಣಕಿದೆ. ಅಕ್ಕ ನನ್ನ ಕಡೆ ನೋಡಿ, "ನಿನ್ನ ಪಾಳಿ ಮುಗಿಯೋ ಹೊತ್ತಿಗೆ ಆಗ ಸರಿಯಾಗಿ ಬಸ್ಸಿದ್ದಿದ್ರೆ ನೀನು ನನ್ನ ಹತ್ರ ಬಂದು ಚೌಕದಲ್ಲಿ ಅಳ್ತಿದ್ಯಾ?" ಅಂತ ಕೇಳಿದರು. ಸ್ವಲ್ಪ ಯೋಚಿಸಿ, "ಬರ್ತಿದ್ದೆ" ಅಂದೆ. "ಆದ್ರೆ ದಿನಾ ಕಾರು ತೆಗೀತಿರಲಿಲ್ಲ."

"ಅಷ್ಟೇ ನಾನೂ ಹೇಳೋದು" ಅಂದು ಅಕ್ಕ ಕಾರಿನ ಕಡೆ ಹೋದರು. ಸ್ಟೇರಿಂಗ್ ಹಿಡಿದು ಕೂತ ಸಾಲುಮನೆಯವಳು ಆಗಲೇ ಕ್ಲಚ್ ಮರೆತು, ಗಾಡಿ ಕುಪ್ಪಳಿಸಿ ನಿಲ್ಲುವಂತೆ ಮಾಡಿದ್ದಳು.